ಮೊದಲು ಓದು, ಆಮೇಲೆ ಮಾತು

ಹೊಸದಾಗಿ ಹೊರಬಂದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಅದರ ಕರ್ತೃವಿನೊಡನೆ ನಾಲ್ಕು ಜನರ ಸಮ್ಮುಖದಲ್ಲಿ ಮಾತನಾಡುವ ಪದ್ಧತಿಯು ಈಚಿನ ವರ್ಷಗಳಲ್ಲಿ ಕನ್ನಡಿಗರಲ್ಲಿ ವಿಶೇಷವಾಗಿ ಬೆಳೆದುಬಂದಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯು ಲೇಖಕರನ್ನು ಓದುಗರಿಗೆ ಭೇಟಿ ಮಾಡಿಸುವ ಕಾರ್ಯಕ್ರಮವನ್ನು ಬಹಳ ಹಿಂದಿನಿಂದಲೂ ನಡೆಸುತ್ತ ಬಂದಿದೆ. ೨೦೧೨ರಲ್ಲಿ ಬೆಂಗಳೂರಿನ ಸಾಹಿತ್ಯೋತ್ಸವವೂ, ೨೦೧೩ರಲ್ಲಿ ಧಾರವಾಡದ ಸಾಹಿತ್ಯ ಸಂಭ್ರಮವೂ ಆರಂಭವಾದವು. ೨೦೨೦ರ ಮಹಾಮಾರಿಯ ಕಾಲದಲ್ಲಿ ಜನ ಮನೆಯಿಂದ ಹೊರಬರಲಾಗದೆ ಇದ್ದಾಗ ಸಂವಾದಗಳು ಗಣಕಯಂತ್ರದ ತೆರೆಯ ಮೇಲೆ ನಡೆದವು. ಈಗ ಹೊರನಾಡಿನ ಕನ್ನಡ ಸಂಘಗಳೂ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ‘ಲೇಖಕರೊಡನೆ ಸಂವಾದ’ ಎಂಬ ಒಂದು ಸಾಲನ್ನು ಸೇರಿಸದೆ ಬಿಡುವುದಿಲ್ಲ. ಇದು ಸಂತೋಷದ ಸಂಗತಿಯೇ. ಆದರೆ ಈ ಸಂತೋಷದೊಳಗೆ ಒಂದು ಕೊರತೆ ಅಡಗಿದೆಯೆಂಬುದನ್ನು ವಾಚಕ ಮಹಾಶಯರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಉದ್ಯೋಗಿಯಾಗಿರುವ ನನ್ನಂಥವನಿಗೆ ಸಾಹಿತ್ಯದ ಗುಣದೋಷಗಳ ಬಗೆಗೆ ತೀರ್ಪು ಹೇಳುವ ಅಧಿಕಾರವಿಲ್ಲ. ಆದರೆ ಜಮಾ ಎಷ್ಟು, ಖರ್ಚು ಎಷ್ಟು, ಕೊನೆಗೆ ಉಳಿದದ್ದೆಷ್ಟು ಎಂದು ನೋಡುವ ಅಭ್ಯಾಸ ಇದೆ. ಆ ಅಭ್ಯಾಸದಿಂದಲೇ ಎರಡು ಗಂಟೆಯ ಒಂದು ಪುಸ್ತಕ ಸಮಾರಂಭದ ಮಾದರಿ ಲೆಕ್ಕವನ್ನು ಹಾಕಿ ನೋಡೋಣ. ಪ್ರಾರ್ಥನೆಗೂ ಸ್ವಾಗತಕ್ಕೂ ೧೦ ನಿಮಿಷ, ಅತಿಥಿಗಳ ಪರಿಚಯಕ್ಕೆ ೧೫ ನಿಮಿಷ, ಬಣ್ಣದ ಕಾಗದವನ್ನು ಬಿಚ್ಚಿ ಪುಸ್ತಕವನ್ನು ಎತ್ತಿ ಹಿಡಿದು ಛಾಯಾಚಿತ್ರಕ್ಕೆ ನಿಲ್ಲಲು ೧೦, ಮುಖ್ಯ ಅತಿಥಿಗಳ ಮತ್ತು ಅಧ್ಯಕ್ಷರ ಭಾಷಣಗಳಿಗೆ ೪೦, ಶಾಲು, ಹಾರ, ಫಲತಾಂಬೂಲಗಳ ಸನ್ಮಾನಕ್ಕೆ ೧೫, ವಂದನಾರ್ಪಣೆಗೆ ೧೦. ಒಟ್ಟು ೧೦೦ ನಿಮಿಷ. ಸಂವಾದಕ್ಕೆಂದು ಉಳಿಯುವುದು ೨೦ ನಿಮಿಷ. ಆ ಇಪ್ಪತ್ತು ನಿಮಿಷಗಳಲ್ಲಿಯೂ ಪುಸ್ತಕದ ಬಗ್ಗೆ ಮಾತು ನಡೆಯುವುದಿಲ್ಲ. ನಡೆಯುವುದು ಸಾಧ್ಯವೂ ಇಲ್ಲ. ಏಕೆಂದರೆ ಸಭೆಯಲ್ಲಿ ಕುಳಿತಿರುವವರಲ್ಲಿ ಬಹುಮಂದಿ ಆ ಪುಸ್ತಕವನ್ನು ಆ ಸಾಯಂಕಾಲವೇ ಮೊದಲ ಬಾರಿಗೆ ಕಣ್ಣಿನಿಂದ ಕಂಡವರು!

ಆದುದರಿಂದಲೇ ಪ್ರಶ್ನೆಗಳು ಎಲ್ಲ ಸಭೆಗಳಲ್ಲಿಯೂ ಒಂದೇ ಆಗಿರುತ್ತವೆ. ‘ತಮಗೆ ಬರೆಯಲು ಪ್ರೇರಣೆ ಯಾರು?’, ‘ತಾವು ಬೆಳಗಿನ ಹೊತ್ತು ಬರೆಯುತ್ತೀರೋ, ರಾತ್ರಿಯ ಹೊತ್ತೋ?’, ‘ಇಂದಿನ ಯುವಜನಾಂಗಕ್ಕೆ ತಮ್ಮ ಸಂದೇಶವೇನು?’. ಈ ಪ್ರಶ್ನೆಗಳನ್ನು ಕಾದಂಬರಿಕಾರನಿಗೂ ಕೇಳಬಹುದು, ಅಡಿಗೆಯ ಪುಸ್ತಕ ಬರೆದವನಿಗೂ ಕೇಳಬಹುದು. ಲೇಖಕನು ಮೂರು ವರ್ಷ ಕುಳಿತು ಕಡೆದ ಒಂದು ಪಾತ್ರದ ಬಗ್ಗೆ, ಅವನು ಅಳುಕುತ್ತ ಬಿಟ್ಟುಬಂದ ಒಂದು ಸನ್ನಿವೇಶದ ಬಗ್ಗೆ, ಅವನ ವಾದದಲ್ಲಿರುವ ಒಂದು ಬಿರುಕಿನ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಈ ಸಂಚಿಕೆಯಲ್ಲಿಯೇ ಹಲವಾರು ವೈದ್ಯ ಮಹನೀಯರು ಆರೋಗ್ಯದ ಬಗೆಗೆ ಉಪಯುಕ್ತ ಲೇಖನಗಳನ್ನು ಬರೆಯುವವರಿದ್ದಾರೆ. ನಾಡಿ ಹಿಡಿಯದೆ, ನಾಲಗೆ ನೋಡದೆ ಔಷಧ ಬರೆದುಕೊಡುವ ವೈದ್ಯನನ್ನು ಅವರು ಒಪ್ಪುವರೇ? ಪುಟ ತೆರೆಯದೆ ಪುಸ್ತಕವನ್ನು ಹೊಗಳುವುದೂ ಅಂತಹುದೇ ಚಿಕಿತ್ಸೆ. ಅದರಿಂದ ರೋಗಿಗೂ ಹಿತವಿಲ್ಲ, ವೈದ್ಯನಿಗೂ ಕೀರ್ತಿಯಿಲ್ಲ.

ನಾವು ಬಳಸುವ ಮಾತುಗಳನ್ನೇ ನೋಡಿರಿ. ಕನ್ನಡದಲ್ಲಿ ಪುಸ್ತಕದ ‘ಬಿಡುಗಡೆ’ ಎನ್ನುತ್ತೇವೆ. ಸ್ವಲ್ಪ ಗಂಭೀರವಾಗಿ ಹೇಳಬೇಕಾದರೆ ‘ಲೋಕಾರ್ಪಣೆ’ ಎನ್ನುತ್ತೇವೆ. ನಾವಿರುವ ತೆಲುಗು ನಾಡಿನಲ್ಲಿ ಅದೇ ಕ್ರಿಯೆಗೆ ‘ಪುಸ್ತಕಾವಿಷ್ಕರಣ’ ಎಂದು ಹೆಸರು. ಹೊಸದಾಗಿ ಬಂದ ಕನ್ನಡಿಗನು ಈ ಪದವನ್ನು ಕೇಳಿ, ಇಲ್ಲಿ ಯಾವುದೋ ಹೊಸ ಯಂತ್ರವನ್ನು ಕಂಡುಹಿಡಿದಿದ್ದಾರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಆವಿಷ್ಕರಣವೆಂದರೆ ಮರೆಯಲ್ಲಿದ್ದುದನ್ನು ಬೆಳಕಿಗೆ ತರುವುದು. ಬಿಡುಗಡೆ, ಅರ್ಪಣೆ, ಆವಿಷ್ಕರಣ ಈ ಮೂರೂ ಸೊಗಸಾದ ಮಾತುಗಳೇ. ಆದರೆ ಸೆರೆಯಿಂದ ಬಿಡುಗಡೆ ಹೊಂದಿದವನು ಮರುದಿನವೇ ಕಪಾಟಿನ ಬಂಧನಕ್ಕೆ ಸೇರಿದರೆ ಬಿಡುಗಡೆಗೆ ಅರ್ಥವೇನು? ಸ್ವೀಕರಿಸುವ ಲೋಕವಿಲ್ಲದಿದ್ದರೆ ಅರ್ಪಣೆ ಯಾರಿಗೆ?

ನಮ್ಮ ಹಿರಿಯರಿಗೆ ಈ ವಿಷಯದಲ್ಲಿ ನಮಗಿಂತ ಹೆಚ್ಚಿನ ವಿವೇಕವಿತ್ತು. ಹಳ್ಳಿಯ ಜಗುಲಿಯಲ್ಲಿ ಗಮಕಿಯು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ವಾಚಿಸುತ್ತಿದ್ದನು. ವ್ಯಾಖ್ಯಾನಕಾರನು ಪದ್ಯವನ್ನು ಬಿಡಿಸಿ ಹೇಳುತ್ತಿದ್ದನು. ಕೇಳುವವರು ನಡುವೆ ತಡೆದು ಸಂದೇಹವನ್ನು ಮುಂದಿಡುತ್ತಿದ್ದರು. ಅಕ್ಷರ ಬಾರದವರೂ ಅಲ್ಲಿ ಕಾವ್ಯವನ್ನು ಬಲ್ಲವರಾಗುತ್ತಿದ್ದರು. ಅಲ್ಲಿ ಕವಿಯು ಉಪಸ್ಥಿತನಿರಲಿಲ್ಲ. ಅವನು ಗತಿಸಿ ನೂರಾರು ವರ್ಷಗಳಾಗಿದ್ದವು. ಆದರೆ ಕೃತಿಯು ಉಪಸ್ಥಿತವಾಗಿತ್ತು. ಇಂದಿನ ಸಭೆಗಳಲ್ಲಿ ಕವಿಯು ಇರುತ್ತಾನೆ, ಕೃತಿಯು ಇರುವುದಿಲ್ಲ. ಇದೇ ವ್ಯತ್ಯಾಸ.

ಮುದ್ರಣ ಯುಗದಲ್ಲಿಯೂ ನಮಗೆ ಒಳ್ಳೆಯ ಮೇಲ್ಪಂಕ್ತಿಗಳಿವೆ. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಸಂಗತಿ ಕನ್ನಡಿಗರೆಲ್ಲರೂ ಕೇಳಿರುವುದೇ. ಹಾಗೆ ಮನೆಬಾಗಿಲಿಗೆ ಬಂದ ಲೇಖಕನಿಗೆ, ಹಿಂದಿನ ಪುಸ್ತಕದ ಬಗ್ಗೆ ಓದುಗನು ಏನು ಹೇಳುತ್ತಾನೆಂಬುದು ತಾನಾಗಿಯೇ ತಿಳಿದುಬರಲು ಅವಕಾಶವಿತ್ತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿ ನಡೆದ ಸಂಸ್ಥೆ. ಅದರ ‘ಅಟ್ಟ’ದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರು ಲೇಖಕರೊಡನೆ ಕುಳಿತು ನಡೆಸಿದ ಮಾತುಕತೆ ನಮ್ಮ ಸಾಹಿತ್ಯ ಚರಿತ್ರೆಯ ಒಂದು ಭಾಗವೇ ಆಗಿದೆ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ೧೯೬೧ರಲ್ಲಿ ಹೊರಬಂದದ್ದು ಇದೇ ಮಾಲೆಯಲ್ಲಿ. ಅಲ್ಲಿ ಸಂವಾದಕ್ಕೆ ವೇದಿಕೆಯಿರಲಿಲ್ಲ, ಹಾರತುರಾಯಿ ಇರಲಿಲ್ಲ. ಹಸ್ತಪ್ರತಿಯನ್ನು ಓದಿದವರ ನಿಷ್ಠುರವಾದ ಮಾತು ಮಾತ್ರ ಇತ್ತು.

ಇನ್ನೊಂದು ಉದಾಹರಣೆ ಹೆಗ್ಗೋಡಿನದು. ೧೯೪೯ರಲ್ಲಿ ಹುಟ್ಟಿದ ನೀನಾಸಮ್ ಸಂಸ್ಥೆಯನ್ನು ಕೆ. ವಿ. ಸುಬ್ಬಣ್ಣನವರು ಮಲೆನಾಡಿನ ಒಂದು ಹಳ್ಳಿಯಲ್ಲಿ ಬೆಳೆಸಿ, ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಗೆ ಪಾತ್ರರಾದರು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ಶಿಬಿರಾರ್ಥಿಗಳು ರಾತ್ರಿ ನಾಟಕವನ್ನು ನೋಡುತ್ತಾರೆ. ಮರುದಿನ ಅದರ ಮೇಲೆ ಚರ್ಚೆ ನಡೆಯುತ್ತದೆ. ಕ್ರಮವನ್ನು ಗಮನಿಸಿರಿ: ಮೊದಲು ನೋಟ, ನಡುವೆ ಒಂದು ರಾತ್ರಿಯ ನಿದ್ರೆ, ಆಮೇಲೆ ಮಾತು. ನಾಟಕವನ್ನು ನೋಡುವ ಮೊದಲೇ ಚರ್ಚೆಯನ್ನು ಮುಗಿಸಿ ಎಲ್ಲರೂ ಊಟಕ್ಕೆ ಏಳಬೇಕೆಂದು ಅಲ್ಲಿ ಯಾರೂ ಸೂಚಿಸುವುದಿಲ್ಲ. ಪುಸ್ತಕದ ವಿಷಯದಲ್ಲಿ ಮಾತ್ರ ಈ ವಿಪರೀತವನ್ನು ನಾವೆಲ್ಲರೂ ಸಹಜವೆಂದು ಒಪ್ಪಿಕೊಂಡಿದ್ದೇವೆ.

ನಮ್ಮ ಮಗ್ಗುಲಲ್ಲಿಯೇ ಇರುವ ನಿದರ್ಶನವನ್ನೂ ನೆನೆಯಬಹುದು. ವಿಜಯನಗರಂನ ಗುರಜಾಡ ಅಪ್ಪಾರಾವ್ ಅವರ ‘ಕನ್ಯಾಶುಲ್ಕಂ’ ೧೮೯೨ರಲ್ಲಿ ರಂಗವನ್ನೇರಿತು; ೧೮೯೭ರಲ್ಲಿ ಅಚ್ಚಾಯಿತು; ೧೯೦೯ರಲ್ಲಿ ಬಹುಮಟ್ಟಿಗೆ ಹೊಸದಾಗಿಯೇ ಬರೆಯಲ್ಪಟ್ಟು ಎರಡನೆಯ ಬಾರಿ ಹೊರಬಂದಿತು. ತೆಲುಗರು ಇಂದು ತಲೆಯ ಮೇಲೆ ಹೊತ್ತು ಮೆರೆಸುವುದು ಈ ಎರಡನೆಯ ರೂಪವನ್ನು. ಪುಸ್ತಕವು ಬಿಡುಗಡೆಯಾದ ದಿನವೇ ಮುಗಿದುಹೋಗುವ ವಸ್ತುವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಓದುಗರೂ ಪ್ರೇಕ್ಷಕರೂ ಕೊಡುವ ಪ್ರತಿಕ್ರಿಯೆ ಸಾಚಾ ಆಗಿದ್ದರೆ ಲೇಖಕನಿಗೆ ಅದು ಮೂಲಧನ. ಬರೀ ಚಪ್ಪಾಳೆಯಾಗಿದ್ದರೆ ಅದು ನಗದಾಗದ ಚೆಕ್ಕು.

‘ಹೊಸ ಪುಸ್ತಕ’ ಎಂಬ ಮಾತಿನ ಬಗ್ಗೆಯೂ ನಮಗೆ ಅನಾವಶ್ಯಕ ಆತುರವಿದೆ. ೨೦೨೫ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದಾಗ ಕನ್ನಡಿಗರೆಲ್ಲರ ಎದೆ ಉಬ್ಬಿತು. ಕನ್ನಡದಿಂದ ಹೋದ ಕೃತಿಗೆ ಈ ಗೌರವ ದೊರೆತದ್ದು ಅದೇ ಮೊದಲು. ಸಣ್ಣ ಕಥೆಗಳ ಸಂಕಲನವೊಂದಕ್ಕೆ ದೊರೆತದ್ದೂ ಅದೇ ಮೊದಲು. ೫೦,೦೦೦ ಪೌಂಡುಗಳ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮನಾಗಿ ಹಂಚಲಾಯಿತು. ಆದರೆ ಆ ೧೨ ಕಥೆಗಳು ೧೯೯೦ರಿಂದ ೨೦೨೩ರವರೆಗಿನ ಅವಧಿಯಲ್ಲಿ ಬರೆಯಲ್ಪಟ್ಟವು. ಎಂದರೆ, ಜಗತ್ತು ಅವುಗಳನ್ನು ಹೊಸದೆಂದು ಬರಮಾಡಿಕೊಂಡಾಗ ಕೆಲವಕ್ಕೆ ಮೂವತ್ತು ವರ್ಷ ದಾಟಿತ್ತು. ಅವು ಕನ್ನಡದಲ್ಲಿ ಹೊಸದಾಗಿದ್ದ ಕಾಲದಲ್ಲಿ ನಮ್ಮ ಹೊರನಾಡಿನ ಸಂಘಗಳಲ್ಲಿ ಎಷ್ಟು ಅವುಗಳನ್ನು ಓದಿ, ಲೇಖಕಿಯನ್ನು ಕರೆದು, ನಾಲ್ಕು ಪ್ರಶ್ನೆ ಕೇಳಿದ್ದವು? ಲಂಡನ್ನಿನ ತೀರ್ಪುಗಾರರು ಓದಿ ಹೇಳುವವರೆಗೆ ನಾವು ಕಾಯಬೇಕೆಂಬ ನಿಯಮವೇನೂ ಇಲ್ಲ. ಪುಸ್ತಕವು ನಮಗೆ ಹೊಸದಾಗುವುದು ಅಚ್ಚಾದ ದಿನವಲ್ಲ, ನಾವು ಓದಿದ ದಿನ.

ನನ್ನ ಈ ಅಭಿಪ್ರಾಯಕ್ಕೆ ಆಕ್ಷೇಪಣೆಗಳಿವೆ; ಅವುಗಳನ್ನು ಬದಿಗೊತ್ತುವುದು ನ್ಯಾಯವಲ್ಲ. ಓದಿಕೊಂಡು ಬರಬೇಕೆಂಬ ಷರತ್ತು ಹಾಕಿದರೆ ಸಭೆಗೆ ಹತ್ತು ಜನವೂ ಬರುವುದಿಲ್ಲವೆಂದು ಕೆಲವರು ಹೇಳುತ್ತಾರೆ. ನಿಜವಿರಬಹುದು. ಆದರೆ ಓದಿದ ಹತ್ತು ಜನರೊಡನೆ ಕಳೆದ ಒಂದು ಗಂಟೆಯನ್ನು, ಓದದ ಇನ್ನೂರು ಜನರ ಚಪ್ಪಾಳೆಗಿಂತ ಹೆಚ್ಚೆಂದು ಎಣಿಸದ ಲೇಖಕನು ಅಪರೂಪ. ಎರಡನೆಯದು ಪ್ರಕಾಶಕರ ಆಕ್ಷೇಪಣೆ. ಬಿಡುಗಡೆಯ ದಿನದ ಮಾರಾಟವೇ ಸಣ್ಣ ಪ್ರಕಾಶಕನಿಗೆ ಆಧಾರ, ಅದನ್ನು ತಪ್ಪಿಸಬಾರದೆಂಬುದು ಅವರ ವಾದ. ಇದು ತೂಕವುಳ್ಳ ಮಾತು. ಬಂಡವಾಳವು ಎಂಟು ಹತ್ತು ತಿಂಗಳು ದಾಸ್ತಾನಿನಲ್ಲಿ ಸಿಕ್ಕಿಕೊಂಡರೆ ಅದರ ನೋವೇನೆಂಬುದನ್ನು ಸಾಲಪತ್ರಗಳನ್ನು ನೋಡುವ ನಾವು ಬಲ್ಲೆವು. ಆದುದರಿಂದ ಬಿಡುಗಡೆಯನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಬಿಡುಗಡೆಯು ವ್ಯಾಪಾರದ ಆರಂಭ. ಸಂವಾದವು ಓದಿನ ಫಲ. ಇವೆರಡನ್ನೂ ಒಂದೇ ಸಂಜೆಗೆ ಗಂಟುಹಾಕಬಾರದೆಂಬುದಷ್ಟೇ ನನ್ನ ವಿನಂತಿ. ಮೊದಲನೆಯದು ಇಂದು ನಡೆಯಲಿ, ಎರಡನೆಯದು ಮೂರು ತಿಂಗಳ ತರುವಾಯ ನಡೆಯಲಿ.

ಮೂರನೆಯ ಆಕ್ಷೇಪಣೆಯೇ ನನ್ನ ಮನಸ್ಸನ್ನು ಹೆಚ್ಚು ಕಲಕುವಂತಹುದು. ‘ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಲೇಖಕರ ಮಾತನ್ನು ಕೇಳುವುದೊಂದೇ ಅವರಿಗೆ ಉಳಿದಿರುವ ಮಾರ್ಗ, ಅದಕ್ಕೂ ಓದಿನ ಕದ ಹಾಕುವಿರಾ?’ ಎಂದು ತಾಯಂದಿರು ಕೇಳುತ್ತಾರೆ. ಹೊರನಾಡಿನ ಕನ್ನಡ ಮನೆಗಳಲ್ಲಿ ಅಜ್ಜನ ಕಾಲದ ಪುಸ್ತಕಗಳಿವೆ, ಅಪ್ಪ ಅಮ್ಮ ಕೊಂಡ ಪುಸ್ತಕಗಳಿವೆ. ನಮ್ಮ ತರುವಾಯ ಅವುಗಳನ್ನು ತೆರೆಯುವವರು ಯಾರು? ಮನೆ ಬದಲಾಯಿಸುವಾಗ ತೂಕದ ಲೆಕ್ಕದಲ್ಲಿ ಹೋಗುವ ಮೊದಲ ಗಂಟು ಅದೇ ಆಗುವುದಿಲ್ಲವೆಂದು ನಮ್ಮಲ್ಲಿ ಯಾರು ಧೈರ್ಯವಾಗಿ ಹೇಳಬಲ್ಲರು? ಈ ಪ್ರಶ್ನೆಯ ಎದುರಿಗೆ ಶಾಲುಹಾರಗಳ ಚರ್ಚೆ ಅಲ್ಪವಾಗಿ ಕಾಣುತ್ತದೆ.

ಆದರೆ ಮಧುರವಾಡದಲ್ಲಿರುವ ನಮಗೆ ಈ ವಿಷಯದಲ್ಲಿ ದೆಹಲಿ, ಮುಂಬಯಿ, ಕಲಕತ್ತೆಗಳ ಕನ್ನಡಿಗರಿಗಿಲ್ಲದ ಒಂದು ಅನುಕೂಲವಿದೆ. ಇಲ್ಲಿಯ ಶಾಲೆಗಳಲ್ಲಿ ನಮ್ಮ ಮಕ್ಕಳು ತೆಲುಗು ಕಲಿಯುತ್ತಾರೆ. ಕನ್ನಡ ಲಿಪಿಯೂ ತೆಲುಗು ಲಿಪಿಯೂ ಒಂದೇ ಮೂಲದಿಂದ ಕವಲೊಡೆದವು. ಗ, ದ, ನ, ಬ, ರ, ಲ ಮುಂತಾದ ಅಕ್ಷರಗಳು ಹೆಚ್ಚುಕಡಿಮೆ ಅವೇ. ಕ, ತ ಮೊದಲಾದ ಕೆಲವು ಅಕ್ಷರಗಳ ರೂಪ ಬೇರೆ. ತಲಕಟ್ಟಿನ ಆಕಾರ ಬೇರೆ, ಹೆಸರು ಒಂದೇ. ತೆಲುಗು ಬಲ್ಲ ಹುಡುಗನಿಗೆ ಕನ್ನಡ ಅಕ್ಷರಗಳನ್ನು ಕಲಿಸಲು ವರ್ಷಗಳು ಬೇಡ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರಗಳು ಸಾಕು. ಮಾತು ಮನೆಯಲ್ಲಿಯೇ ಇದೆ, ಅಕ್ಷರ ಶಾಲೆಯಲ್ಲಿಯೇ ಮುಕ್ಕಾಲು ಬಂದಿದೆ. ಉಳಿದ ಕಾಲು ಪಾಲನ್ನು ಸಂಘವು ಕೊಡಲಾರದೆ?

ಈ ಕರಾವಳಿಗೂ ಕನ್ನಡಕ್ಕೂ ಇರುವ ಸಂಬಂಧ ನಿನ್ನೆ ಮೊನ್ನೆಯದಲ್ಲ. ಹದಿಮೂರನೆಯ ಶತಮಾನದಲ್ಲಿ ಶ್ರೀಕೂರ್ಮಂ ದೇವಾಲಯದ ಶಾಸನಗಳಲ್ಲಿ ಹೆಸರು ಪಡೆದ ನರಹರಿತೀರ್ಥರು ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿದವರೆಂದು ಹರಿದಾಸ ಸಾಹಿತ್ಯದ ಚರಿತ್ರೆ ಹೇಳುತ್ತದೆ. ನಮ್ಮ ಕಾಲದಲ್ಲಿ ಬ್ಯಾಂಕುಗಳು ಅನೇಕ ಕನ್ನಡಿಗರನ್ನು ಇಲ್ಲಿಗೆ ತಂದವು. ೧೯೦೬ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ, ೧೯೨೩ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ ೨೦೨೦ರ ಏಪ್ರಿಲ್ ೧ರಂದು ಯೂನಿಯನ್ ಬ್ಯಾಂಕಿನೊಳಗೆ ಒಂದಾದವು. ಎರಡು ನಾಡುಗಳ ಲೆಕ್ಕದ ಪುಸ್ತಕಗಳು ಒಂದಾಗಬಹುದಾದರೆ, ಎರಡು ನಾಡುಗಳ ಓದುವ ಪುಸ್ತಕಗಳು ಒಂದೇ ಮೇಜಿನ ಮೇಲೆ ಕುಳಿತುಕೊಳ್ಳಲು ಅಡ್ಡಿಯೇನು? ಎಸ್. ಎಲ್. ಭೈರಪ್ಪನವರ ಕಾದಂಬರಿಗಳು ತೆಲುಗಿಗೆ ಬಂದಿವೆ. ವಿಶಾಖಪಟ್ಟಣದ ದ್ವಾರಕಾನಗರದ ಪೌರ ಗ್ರಂಥಾಲಯದಲ್ಲಿ ತೆಲುಗು ಸಾಹಿತ್ಯ ಸಭೆಗಳು ನಡೆಯುತ್ತಿರುತ್ತವೆ. ವಿಜಯವಾಡದಲ್ಲಿ ೧೯೮೯ರಲ್ಲಿ ಆರಂಭವಾದ ಪುಸ್ತಕ ಮಹೋತ್ಸವಕ್ಕೆ ಜನರು ಹಬ್ಬದಂತೆ ಸೇರುತ್ತಾರೆ. ಒಂದೇ ಕೃತಿಯನ್ನು ನಾವು ಕನ್ನಡದಲ್ಲಿಯೂ ನೆರೆಯವರು ತೆಲುಗಿನಲ್ಲಿಯೂ ಓದಿ ಒಟ್ಟಿಗೆ ಮಾತನಾಡಿದರೆ, ಅದು ನಿಜವಾದ ಸಂವಾದವಾದೀತು.

ಕಾರ್ಯಸಾಧ್ಯವಾದ ಒಂದು ಯೋಜನೆಯನ್ನು ಇಲ್ಲಿ ಸೂಚಿಸಬಯಸುತ್ತೇನೆ. ಸಂಘವು ವರ್ಷಕ್ಕೆ ಎರಡು ಪುಸ್ತಕಗಳನ್ನು ಮಾತ್ರ ಆರಿಸಲಿ. ಪುಸ್ತಕದ ಬೆಲೆ ೨೫೦ ರೂಪಾಯಿಯೆಂದಿಟ್ಟುಕೊಂಡರೆ ೧೨ ಪ್ರತಿಗಳಿಗೆ ೩,೦೦೦ ರೂಪಾಯಿ. ಒಂದು ಪ್ರತಿ ಒಂದು ಮನೆಯಲ್ಲಿ ಒಂದು ತಿಂಗಳು ಇರಲಿ. ಮೂರು ತಿಂಗಳಲ್ಲಿ ೩೬ ಮನೆಗಳು ಓದಿ ಮುಗಿಸುತ್ತವೆ. ಮನೆಯೊಂದಕ್ಕೆ ತಗಲುವ ವೆಚ್ಚ ೮೪ ರೂಪಾಯಿಗೂ ಕಡಿಮೆ. ಒಂದು ಸನ್ಮಾನದ ಶಾಲು, ಹಾರ, ಸ್ಮರಣಿಕೆಗಳ ಖರ್ಚನ್ನು ಇದರೊಡನೆ ಹೋಲಿಸಿ ನೋಡುವ ಕೆಲಸವನ್ನು ಖಜಾಂಚಿಗಳಿಗೆ ಬಿಡುತ್ತೇನೆ. ಪುಸ್ತಕಗಳನ್ನು ತರಿಸುವುದೂ ಕಷ್ಟವಲ್ಲ. ೨೦೨೫ರ ಮೇ ೧ರಂದು ಅಂಚೆ ಇಲಾಖೆಯು ಶೈಕ್ಷಣಿಕ, ಸಾಂಸ್ಕೃತಿಕ ಗ್ರಂಥಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿ, ೩೦೦ ಗ್ರಾಂ ತೂಕದವರೆಗೆ ೨೦ ರೂಪಾಯಿ, ೫ ಕಿಲೋಗ್ರಾಂವರೆಗೆ ೧೦೦ ರೂಪಾಯಿ, ತೆರಿಗೆ ಪ್ರತ್ಯೇಕ, ಎಂದು ದರವನ್ನು ಗೊತ್ತುಪಡಿಸಿತು. ನಿಯಮಗಳನ್ನು ಅಂಚೆ ಕಚೇರಿಯಲ್ಲಿ ವಿಚಾರಿಸಿಕೊಂಡರೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಹನ್ನೆರಡು ಪ್ರತಿಗಳ ಕಟ್ಟು ಸುಲಭವಾಗಿ ಬಂದು ಸೇರುತ್ತದೆ.

ಹೀಗೆ ಓದಿದ ಮೇಲೆ ಲೇಖಕರನ್ನು ಕರೆಯಬೇಕು. ಸುಮಾರು ಸಾವಿರ ಕಿಲೋಮೀಟರು ದೂರದಿಂದ ಬರಲಾಗದ ಹಿರಿಯರೊಡನೆ ಗಣಕಯಂತ್ರದ ತೆರೆಯ ಮೂಲಕವೇ ಮಾತನಾಡಬಹುದು. ಪ್ರಯಾಣದ ವೆಚ್ಚದಲ್ಲಿ ಇನ್ನೊಂದು ಪುಸ್ತಕದ ಪ್ರತಿಗಳು ಬರುತ್ತವೆ. ಸಭೆಯ ಆರಂಭದಲ್ಲಿ ಯಾರಾದರೊಬ್ಬರು ಕೃತಿಯ ನಾಲ್ಕು ಪುಟಗಳನ್ನು ಸ್ಪಷ್ಟವಾಗಿ ಓದಲಿ. ಗಮಕದ ಕಾಲದಲ್ಲಿದ್ದಂತೆ ಅಕ್ಷರ ಬಾರದ ಮಗುವೂ ಆಗ ಕೃತಿಯ ಒಳಗೆ ಬರುತ್ತದೆ. ಪ್ರಶ್ನೆ ಕೇಳುವವರು ಪುಟದ ಸಂಖ್ಯೆಯನ್ನು ಹೇಳಿ ಕೇಳಲಿ. ಈ ಒಂದು ನಿಯಮದಿಂದ ಸಂದೇಶ ಬೇಡುವ ಪ್ರಶ್ನೆಗಳು ತಾವಾಗಿಯೇ ಉದುರಿಹೋಗುತ್ತವೆ. ಒಪ್ಪದಿದ್ದುದನ್ನು ಒಪ್ಪಲಿಲ್ಲವೆಂದು ವಿನಯದಿಂದ ಹೇಳಲು ಓದುಗನಿಗೆ ಸ್ವಾತಂತ್ರ್ಯವಿರಲಿ. ‘ನಿಮ್ಮ ಕಾದಂಬರಿಯ ಕೊನೆ ನನಗೆ ಸರಿಬೀಳಲಿಲ್ಲ, ಏಕೆಂದರೆ...’ ಎಂದು ಒಬ್ಬ ಗೃಹಿಣಿ ಎದ್ದು ನಿಂತು ಹೇಳಿದರೆ, ಲೇಖಕನಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ.

ಲೇಖಕರಿಗೂ ಇಲ್ಲಿ ಒಂದು ಕರ್ತವ್ಯವಿದೆ. ತಮ್ಮ ಕೃತಿಯ ಅರ್ಥವನ್ನು ತಾವೇ ಮುದ್ರೆಯೊತ್ತಿ ಕೊಡಬೇಕೆಂಬ ಆತುರವನ್ನು ಅವರು ಬಿಡಬೇಕು. ಪೂರ್ಣಚಂದ್ರ ತೇಜಸ್ವಿಯವರು ಸಭೆ ಸಮಾರಂಭಗಳಿಂದ ಬಹುಮಟ್ಟಿಗೆ ದೂರವೇ ಉಳಿದು ಮೂಡಿಗೆರೆಯ ತೋಟದಲ್ಲಿ ಬಾಳಿದವರು. ೧೯೮೦ರಲ್ಲಿ ಬಂದ ಅವರ ‘ಕರ್ವಾಲೊ’ ಓದುಗರನ್ನು ತಾನೇ ಹುಡುಕಿಕೊಂಡು ಹೋಯಿತು. ಅವರು ೨೦೦೭ರಲ್ಲಿ ತೀರಿಕೊಂಡ ಮೇಲೂ ಹೋಗುತ್ತಲೇ ಇದೆ. ಲೇಖಕನ ಮಾತು ಓದಿಗೆ ಸಹಾಯಕವಾಗಬಹುದು. ಓದಿನ ಬದಲಿಗೆ ನಿಲ್ಲಲಾರದು. ಜಾಮೀನುದಾರನು ಎಷ್ಟೇ ದೊಡ್ಡವನಾಗಿರಲಿ, ಸಾಲವನ್ನು ತೀರಿಸಬೇಕಾದವನು ಸಾಲಗಾರನೇ ತಾನೆ? ಹಾಗೆಯೇ ಪುಸ್ತಕವನ್ನು ಓದಬೇಕಾದವನು ಓದುಗನೇ.

ನಮ್ಮ ಬಡಾವಣೆಯು ಒಂದು ಕಾಲದಲ್ಲಿ ಭೀಮುನಿಪಟ್ಟಣದ ದಾರಿಯ ಒಂದು ಹಳ್ಳಿ. ಇಂದು ಹೆದ್ದಾರಿಯ ಮಗ್ಗುಲಿನಲ್ಲಿ ಬಹುಮಹಡಿಯ ಕಟ್ಟಡಗಳು ಎದ್ದುನಿಂತಿವೆ. ಆ ಮಹಡಿಗಳಲ್ಲಿ ಎಲ್ಲೆಲ್ಲೋ ಹಂಚಿಹೋಗಿರುವ ಕನ್ನಡ ಮನೆಗಳನ್ನು ಒಂದು ಪುಸ್ತಕವು ಕೈಯಿಂದ ಕೈಗೆ ದಾಟುತ್ತ ಬೆಸೆಯುವುದಾದರೆ, ವರ್ಷಕ್ಕೊಂದು ಸಲದ ಭೋಜನಕೂಟಕ್ಕಿಂತ ಅದು ಗಟ್ಟಿಯಾದ ಬೆಸುಗೆಯಾಗುತ್ತದೆಂದು ನನ್ನ ನಂಬಿಕೆ. ಮುಂದಿನ ರಾಜ್ಯೋತ್ಸವದ ಆಹ್ವಾನಪತ್ರಿಕೆಯಲ್ಲಿ ಲೇಖಕರ ಹೆಸರಿನ ಕೆಳಗೆ ಒಂದು ಸಾಲು ಹೆಚ್ಚಾಗಿ ಅಚ್ಚಾಗಲಿ: ‘ಓದಿಕೊಂಡು ಬರಬೇಕಾಗಿ ವಿನಂತಿ, ಪ್ರತಿಗಳು ಕಾರ್ಯದರ್ಶಿಗಳಲ್ಲಿ ದೊರೆಯುತ್ತವೆ.’ ಇಷ್ಟನ್ನು ಕಾರ್ಯಕಾರಿ ಸಮಿತಿಯವರು ಮನಸ್ಸಿಗೆ ತಂದುಕೊಳ್ಳಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.